ಜಪಾನಿನ ರಾಕ್ಷಸಿ, ಜೇವರ್ಗಿಯ ಮನೆ

ನನ್ನನ್ನು ನೋಡಲು ಬಂದ ಮೊದಲ ಗಂಡು ಜೇವರ್ಗಿಯವನು. ತಂದೆತಾಯಿ ಇಲ್ಲದ ಅವನನ್ನು ಸೋದರತ್ತೆ ಸಾಕಿದ್ದಳು. ಹಾಗಾಗಿ ಹೆಣ್ಣು ನೋಡುವುದು, ಮಾತಾಡುವುದು, ಒಪ್ಪುವುದು ಬಿಡುವುದು ಎಲ್ಲ ಆಕೆಯದೇ. ಜೇವರ್ಗಿ ಬಸ್‌ ನಿಲ್ದಾಣದ ಎದುರಿಗೆ ಅವರದು ಮೂರಂತಸ್ತಿನ ಮನೆ, ಕೆಳಗಡೆ ಸಿಮೆಂಟಿನ ಅಂಗಡಿ. ನಾವು ಆಗ ಮಾದನಹಿಪ್ಪರಗಾದಲ್ಲಿದ್ದೆವು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಲಾರಿ ಓಡಿಸುವ ತಮ್ಮ.

ನಾನು ಎತ್ತರದ ಹೆಂಗಸು. ಅಗಲವೂ ಇದ್ದೇನೆ. ಶಾಲೆಯಲ್ಲಿ ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ ನನ್ನದು ಯಾವಾಗಲೂ ಕೊನೆಯ ಜಾಗ. ಹಳೆಯ ಮನೆಗಳ ಬಾಗಿಲಲ್ಲಿ ತಲೆ ಬಗ್ಗಿಸುವುದು ನನಗೆ ಗಂಡಸರಷ್ಟೇ ರೂಢಿ. ಅಪ್ಪನ ಮೈಕಟ್ಟು ಬಂದಿದೆ ಎಂದು ಊರವರು ಹೇಳುತ್ತಿದ್ದರು. ಅಪ್ಪನಿಗೆ ಒಪ್ಪಿದ್ದು ನನಗೆ ಒಪ್ಪಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ದಿನ ಅವ್ವ ಮಂಡಕ್ಕಿಯ ಸುಸಲಾ ಮಾಡಿದ್ದಳು. ಚಹಾದ ಜೊತೆ ಅದನ್ನು ಕೊಟ್ಟು ನಾನು ಗೋಡೆಗೆ ಸರಿದು ನಿಂತೆ. ಸೋದರತ್ತೆ ತಿನ್ನುತ್ತಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಜರಾ ನಡದ ತೋರಸವ್ವ. ಆ ಗ್ವಾಡಿ ತನಕ ಹೋಗಿ ಬಾ."

ನಡೆದೆ. ನಮ್ಮ ಪಡಸಾಲೆಯ ನೆಲದಲ್ಲಿ ಒಂದು ಫರಸಿ ಕಲ್ಲು ಸಡಿಲವಾಗಿತ್ತು. ಯಾರು ಕಾಲಿಟ್ಟರೂ ಅದು ಅಲುಗಿ ಹಲಗೆಯ ಮೇಲಿನ ಸ್ಟೀಲ್‌ ತಟ್ಟೆಗಳು ಸದ್ದು ಮಾಡುತ್ತಿದ್ದವು. ನಾನು ಕಾಲಿಟ್ಟಾಗಲೂ ಮಾಡಿದವು.

ಆಕೆ ತಟ್ಟೆ ಕೆಳಗಿಟ್ಟು ನಕ್ಕಳು. "ಅಯ್ಯ, ಭೂಕಂಪ ಬಂದಂಗ ಆತಲ್ಲ. ಇಂಥಾಕಿನ್ನ ತುಂಬಿಸ್ಕೊಂಡ್ರ ನಮ್ಮ ಮೂರಂತಸ್ತಿನ ಮನಿ ಉಳೀತದೇನು?"

ಜೊತೆಗೆ ಬಂದವರು ನಕ್ಕರು. ಹುಡುಗನೂ ನಕ್ಕ. ಅವನು ಬಾಯಿಗೆ ಕೈ ಅಡ್ಡ ಹಿಡಿದಿದ್ದ, ಆದರೂ ಹೆಗಲು ಕುಲುಕುತ್ತಿದ್ದವು. ಫರಸಿಯ ವಿಷಯ ಅವ್ವನಿಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಕೂತಳು, ಹೇಳಲಿಲ್ಲ. ಸುಸಲಾ ಪೂರ್ತಿ ಮುಗಿಸಿ, ಎರಡನೇ ಸಲ ಚಹಾ ಕುಡಿದು, ಅವರು ಹೋದರು. ವಾರ ಕಳೆಯುವುದರೊಳಗೆ ಊರಲ್ಲಿ ನನ್ನ ಹೆಸರು ಭೂಕಂಪ ಎಂದಾಗಿತ್ತು. ಬಾವಿಕಟ್ಟೆಯ ಮುಂದೆ ನಾನು ಹಾದರೆ ಹೆಂಗಸರು ಕೊಡ ಹಿಡಿದುಕೊಳ್ಳುವ ನಾಟಕ ಮಾಡುತ್ತಿದ್ದರು.

ನಾನು ಅಳಲಿಲ್ಲ. ಅಳು ಬಂದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

ತಮ್ಮ ತೊಗರಿ ಹೇರಿಕೊಂಡು ಗಡಿಯ ಖಜೂರಿ ದಾಟಿ ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದ. ಅಲ್ಲಿನ ಫುಟ್‌ಪಾತಿನಿಂದ ಸಿನಿಮಾ ಡಿವಿಡಿಗಳನ್ನು ತರುವುದು ಅವನ ಚಟ. ಹೆಚ್ಚಿನವು ಹೊಡೆದಾಟದವು. ಆ ಸಲ ತಂದದ್ದರಲ್ಲಿ ಒಂದರ ಮೇಲೆ ಸಮುದ್ರದಿಂದ ಏಳುತ್ತಿರುವ ದೈತ್ಯ ಪ್ರಾಣಿಯ ಚಿತ್ರವಿತ್ತು. ತಮ್ಮ ಅರ್ಧ ನೋಡಿ ನಿದ್ದೆ ಹೋದ. ಮರುದಿನ ಮಧ್ಯಾಹ್ನ, ಅವ್ವ ಹೊಲಕ್ಕೆ ಹೋಗಿದ್ದಾಗ, ನಾನು ಮೊರದಲ್ಲಿ ಬೇಳೆ ಹಾಕಿಕೊಂಡು ಟಿವಿಯ ಮುಂದೆ ಕೂತೆ. ಬೇಳೆ ಸಂಜೆಯಾದರೂ ಹಸನಾಗಲಿಲ್ಲ.

ಜಪಾನಿನ ಸಿನಿಮಾ, ಮಾತು ಹಿಂದಿಯಲ್ಲಿ. ಸಮುದ್ರದ ತಳದಲ್ಲಿ ಯಾವ ಕಾಲದಿಂದಲೋ ಮಲಗಿರುವ ಒಂದು ಪ್ರಾಣಿ. ಉಡದ ಮೈ, ಎಮ್ಮೆಯ ಕೊಂಬು, ಬೆನ್ನ ಮೇಲೆ ಬಂಡೆಗಳಂಥ ಗಂಟುಗಳು. ಮನುಷ್ಯರು ತಳ ಕೊರೆಯಲು ಹೋಗಿ ಅದನ್ನು ಎಬ್ಬಿಸುತ್ತಾರೆ. ಅದು ಗಂಡೋ ಹೆಣ್ಣೋ ಯಾರೂ ಹೇಳುವುದಿಲ್ಲ. ನನಗೆ ಮೊದಲ ನೋಟದಲ್ಲೇ ಅವಳು ಹೆಣ್ಣು.

ಅವಳನ್ನು ತೋರಿಸುವ ಮೊದಲು ಒಂದು ಮನೆಯ ಅಡುಗೆಮನೆಯನ್ನು ತೋರಿಸುತ್ತಾರೆ. ಅಲ್ಲಿ ಬಟ್ಟಲುಗಳು ಮೆಲ್ಲಗೆ ನಡುಗಲು ಶುರುವಾಗುತ್ತವೆ. ಒಬ್ಬಳು ಗೃಹಿಣಿ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ಕಿಟಕಿಯ ಕಡೆ ತಿರುಗುತ್ತಾಳೆ. ನಾನು ಮೊರ ಕೆಳಗಿಟ್ಟೆ. ಹೊರಗೆ ಆ ರಾಕ್ಷಸಿ ನಡೆದು ಬರುತ್ತಿದ್ದಳು. ಅವಸರವಿಲ್ಲ. ಒಂದು ಕಾಲು ಊರಿ, ಭಾರವೆಲ್ಲ ಅದರ ಮೇಲೆ ಬಿಟ್ಟು, ಆಮೇಲೆ ಇನ್ನೊಂದು. ಇಡೀ ಪಟ್ಟಣ ಅವಳ ನಡಿಗೆಯನ್ನು ನೋಡುತ್ತಿತ್ತು, ಒಬ್ಬರೂ ನಗಲಿಲ್ಲ.

ಮುಂದೆ ಅಂಗಡಿಬೀದಿ ಬರುತ್ತದೆ. ತುದಿಯಲ್ಲಿ ಮೂರಂತಸ್ತಿನ ಒಂದು ಕಟ್ಟಡ, ಮೇಲೆ ನೀರಿನ ಟಾಕಿ. ಅವಳು ಅದನ್ನು ಬೇಕೆಂದು ಕೆಡವುವುದಿಲ್ಲ, ದಾರಿಯಲ್ಲಿ ಅಡ್ಡ ಇದೆ, ಅಷ್ಟೇ. ಮೊದಲು ಟಾಕಿ ಒಡೆದು ನೀರು ಚೆಲ್ಲುತ್ತದೆ. ಆಮೇಲೆ ಮೊಣಕಾಲು ತಾಗಿ ಗೋಡೆ ಬಿರಿಯುತ್ತದೆ. ನಾನು ರಿಮೋಟಿನಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಮತ್ತೆ ಹಿಂದಕ್ಕೆ. ನನ್ನ ಕಣ್ಣಿಗೆ ಅದು ಜೇವರ್ಗಿ ಬಸ್‌ ನಿಲ್ದಾಣ. ಧೂಳಿನೊಳಗೆ ಸಿಮೆಂಟ್‌ ಚೀಲಗಳು ಹರಿದು ಬೀಳುವುದು ಕೂಡ ಕಾಣುತ್ತಿತ್ತು, ಸಿನಿಮಾದಲ್ಲಿ ಅವು ಇರಲಿಲ್ಲ.

ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡುತ್ತ ನೋಡುತ್ತ ಸಿಟ್ಟಿನ ಜೊತೆ ಪ್ರೀತಿಯೂ ಬೆಳೆಯಿತು. ಕಟ್ಟಡ ಬಿರಿದಾಗ ಒಳಗಿನ ಕೋಣೆ ಒಂದು ಕ್ಷಣ ಕಾಣುತ್ತದೆ. ಅಲ್ಲಿ ಬೆರಳುದ್ದದ ಕುರ್ಚಿ, ಮೇಜು, ಗೋಡೆಗೆ ಉಗುರಿನಷ್ಟು ಕ್ಯಾಲೆಂಡರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪುಡಿಯಾಗಲಿರುವ ಕೋಣೆಗೆ ಯಾರೋ ಕೂತು ಕ್ಯಾಲೆಂಡರು ತೂಗುಹಾಕಿದ್ದಾರೆ. ದಾಳಿಗೆ ಬರುವ ಆಟಿಕೆ ವಿಮಾನಗಳನ್ನು ತೂಗುಬಿಟ್ಟ ತಂತಿ ಕಾಣುತ್ತದೆ. ಅವಳ ಮೊಣಕಾಲಿನ ಹಿಂದೆ ರಬ್ಬರು ಮಡಚಿಕೊಳ್ಳುವುದು ಕಾಣುತ್ತದೆ. ಕತ್ತಿನ ಹತ್ತಿರ ಸಣ್ಣ ತೂತುಗಳಿವೆ, ಒಳಗಿರುವವನಿಗೆ ಉಸಿರಾಡಲು, ಹೊರಗೆ ನೋಡಲು.

"ಅಕ್ಕಾ, ಅದು ರಬ್ಬರ್ ಅದ. ಒಳಗ ಮನಷ್ಯಾ ಅದಾನ," ಎಂದ ತಮ್ಮ.

"ಗೊತ್ತದ. ಅದಕ್ಕ ನೋಡಾಕತ್ತೇನಿ."

ಡಿವಿಡಿಯ ಕೊನೆಯಲ್ಲಿ ಸಿನಿಮಾ ತೆಗೆದ ಬಗೆಯನ್ನು ತೋರಿಸುವ ಒಂದು ಸಣ್ಣ ತುಣುಕಿತ್ತು. ಅದರ ಮಾತು ಜಪಾನಿಯಲ್ಲೇ ಇತ್ತು, ನನಗೊಂದು ಅಕ್ಷರ ತಿಳಿಯದು. ರಾಕ್ಷಸಿಯ ಬೆನ್ನಿನ ಜಿಪ್ಪು ತೆರೆಯುತ್ತಾರೆ, ಒಳಗಿಂದ ಸಣಕಲು ಮನುಷ್ಯನೊಬ್ಬ ಹೊರಬರುತ್ತಾನೆ. ಮುಖ ಬೆಂದಂತಿದೆ. ಸ್ಟೂಲಿನ ಮೇಲೆ ಕೂತು ರಾಕ್ಷಸಿಯ ಪಾದವನ್ನು ಕೈಯಲ್ಲಿ ಹಿಡಿದು ಬಗ್ಗಿಸುತ್ತಾನೆ, ಒಳಗಿನಿಂದ ಬೆವರು ನೀರಿನಂತೆ ಸುರಿಯುತ್ತದೆ. ಆಮೇಲೆ ಏನೋ ಹೇಳಿ ನಗುತ್ತಾನೆ. ತನ್ನದಲ್ಲದ ಅಷ್ಟು ಭಾರ ಹೊತ್ತು, ಬೀಳದೆ ನಡೆದ ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಶರಣು ಎಂದೆ.

ಮತ್ತೆ ಯಾರ ಮುಂದೆಯೂ ನಡೆದು ತೋರಿಸುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ಸರ್ಕಾರಿ ಬಸ್ಸಿಗೆ ಕಂಡಕ್ಟರ್‌ ಬೇಕೆಂದು ಕರೆದಾಗ ಅರ್ಜಿ ಹಾಕಿದೆ. ಅಲ್ಲಿ ಎತ್ತರ ಅಳೆಯುವವನು ನನ್ನನ್ನು ನೋಡಿ ಪಟ್ಟಿ ತೆಗೆಯದೆ "ಹೋಗವ್ವ" ಎಂದ, ಆಮೇಲೆ ನಿಯಮ ನೆನಪಾಗಿ ಕರೆದು ಅಳೆದ. ಕೆಲಸ ಸಿಕ್ಕಿತು. ಅವ್ವನನ್ನು ಕರೆದುಕೊಂಡು ಆಳಂದಕ್ಕೆ ಬಂದು ಬಾಡಿಗೆ ಮನೆ ಮಾಡಿದೆ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲಲು ಉಳಿದವರಿಗೆ ತಿಂಗಳುಗಳು ಬೇಕಾದವು. ನಾನು ಕಾಲು ಊರಿದರೆ ಊರಿದಂತೆ. ಕುಡಿದು ಹತ್ತಿದವರು ನನ್ನ ಮುಖ ನೋಡಿ ಸುಮ್ಮನೆ ಕೂರುತ್ತಿದ್ದರು.

ಡ್ಯೂಟಿ ಕೆಲವೊಮ್ಮೆ ಅಫಜಲಪುರಕ್ಕೆ, ಕೆಲವೊಮ್ಮೆ ಜೇವರ್ಗಿಗೆ. ಜೇವರ್ಗಿಯಲ್ಲಿ ಬಸ್ಸು ನಿಂತಾಗಲೆಲ್ಲ ನಾನು ಬಾಗಿಲಲ್ಲಿ ನಿಂತು ಆ ಮನೆಯನ್ನು ನೋಡುತ್ತಿದ್ದೆ. ಅವರು ಅದಕ್ಕೆ ಹಸಿರು ಬಣ್ಣ ಹೊಡೆಸಿದರು, ಬಾಲ್ಕನಿಗೆ ಗಾಜು ಹಾಕಿಸಿದರು. ಒಡೆಯಲು ಇನ್ನಷ್ಟು ಚೆಂದ ಎಂದುಕೊಳ್ಳುತ್ತಿದ್ದೆ. ಟಾಕಿ ಎಲ್ಲಿದೆ, ಕಾಲು ಎಲ್ಲಿ ಇಟ್ಟರೆ ಯಾವ ಗೋಡೆ ಮೊದಲು ಹೋಗುತ್ತದೆ, ಎಲ್ಲ ನನಗೆ ಬಾಯಿಪಾಠ. ವರ್ಷಗಳು ಹೋದವು, ಇದು ಹೋಗಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಅಮಾವಾಸ್ಯೆಗೆ ಘತ್ತರಗಿಯ ದೇವಿಗೆ ಹೋಗುವವರ ನೂಕುನುಗ್ಗಲು. ಒಂದು ಅಮಾವಾಸ್ಯೆ ನನಗೆ ಅಲ್ಲಿನ ವಿಶೇಷ ಬಸ್ಸಿನ ಡ್ಯೂಟಿ ಬಿತ್ತು. ಘತ್ತರಗಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಆಧಾರ್‌ ಕಾರ್ಡ್‌ ಮುಂದೆ ಹಿಡಿದು, "ಅವ್ವಾ, ಮೊಳಕಾಲ ನೋಯಾಕತ್ತಾವ, ಒಂದ್ ಸೀಟ್ ಕೊಡಸು," ಎಂದಳು. ಮುಖ ನೋಡುವ ಮೊದಲೇ ದನಿ ಗೊತ್ತಾಯಿತು. ಸೋದರತ್ತೆ.

ಒಬ್ಬ ಹುಡುಗಿಯನ್ನು ಎಬ್ಬಿಸಿ ಸೀಟು ಕೊಡಿಸಿದೆ. ಆಕೆಗೆ ಬಸ್ಸಿನಿಂದ ನೋವಾಗುವುದು ನನಗೆ ಬೇಕಿರಲಿಲ್ಲ.

ದಾರಿಯುದ್ದಕ್ಕೂ ಆಕೆ ನನ್ನನ್ನೇ ನೋಡಿದಳು. "ಯಾವೂರವ್ವ?" "ಆಳಂದ್ರಿ." "ಪರ್ಮನೆಂಟ್ ಅದ ಏನು ನೌಕರಿ?" "ಹೌದ್ರಿ." "ಮದುವಿ?" "ಇಲ್ರಿ." ಆಕೆ ನನ್ನ ತೋಳು ಸವರಿದಳು. "ಎಂಥ ಎತ್ತರ, ಎಂಥ ಗಟ್ಟಿ ಮೈ. ಇಂಥಾಕಿ ಇದ್ರ ಮನಿ ತುಂಬಿದಂಗ ಇರ್ತದ."

ನಾನು ಯಾರೆಂದು ಆಕೆಗೆ ನೆನಪೇ ಇರಲಿಲ್ಲ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಆಕೆ ಅಂದೇ ಚಹಾದ ಜೊತೆ ಕುಡಿದು ಮರೆತಿದ್ದಳು. ಆಡಿದ ಮಾತಿಗಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಫೋನ್‌ ನಂಬರ್‌ ಕೇಳಿದಳು, ಕೊಟ್ಟೆ.

ಕೆಲವೇ ದಿನಕ್ಕೆ ಫೋನು ಬಂತು. ಅಂದು ನಕ್ಕ ಅದೇ ಅಣ್ಣನ ಮಗನಿಗೆ ಅಫಜಲಪುರದ ಹುಡುಗಿಯೊಂದಿಗೆ ಮದುವೆಯಾಗಿತ್ತಂತೆ, ಹೊಂದಿಕೆಯಾಗದೆ ಅವಳು ಬಿಟ್ಟುಹೋಗಿದ್ದಳಂತೆ, ಕೋರ್ಟಿನಲ್ಲಿ ಎಲ್ಲ ಮುಗಿದಿದೆಯಂತೆ, ಈಗ ಅವನಿಗೆ ನನ್ನನ್ನು ನೋಡಲು ಬರುತ್ತಾರಂತೆ. ವಿಷಯ ಕೇಳಿ ಅವ್ವ ಗೋಡೆಗೆ ಒರಗಿದಳು. "ಅದೇ ಮಂದಿ ಏನು? ಹೋಗ್ಲಿ ಬಿಡವ್ವ. ತಾವಾಗೇ ಬಂದಾರ. ಹಳೇದ್ ಮರತ ಬಿಡು."

"ಬರ್ಲಿ ಅಂತ ಹೇಳೇನಿ," ಎಂದೆ. ತಮ್ಮನಿಗೆ ಫೋನ್‌ ಮಾಡಿ ಟಿವಿಗೆ ಜೋಡಿಸಲು ದೊಡ್ಡ ಸ್ಪೀಕರ್‌ ತರಿಸಿದೆ.

ಭಾನುವಾರ ಬೆಳಿಗ್ಗೆ ಸೋದರತ್ತೆ, ಆತ, ಇಬ್ಬರೇ ಬಂದರು. ಅವನ ತಲೆಯ ಮುಂಭಾಗ ಬೋಳಾಗಿತ್ತು. ಕೂರಿಸಿದೆ, ನೀರು ಕೊಟ್ಟೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನಾನೂ ಕೂತು ಡಿವಿಡಿ ಹಾಕಿದೆ.

"ಏನವ್ವ ಇದು?"

"ಸಿನಿಮಾರಿ. ನನಗ ಭಾಳ ಸೇರ್ತದ. ಮೊದಲ ನೋಡ್ರಿ, ಆಮ್ಯಾಲ ಮಾತಾಡೂನು."

ಸಂಬಂಧ ಬೇಕಾಗಿದ್ದವಳು, ನೋಡಿದಳು. ರಾಕ್ಷಸಿ ಸಮುದ್ರದಿಂದ ಎದ್ದಾಗ ಸ್ಪೀಕರಿನ ಸದ್ದಿಗೆ ಆಕೆ ಕಿವಿ ಮುಚ್ಚಿಕೊಂಡಳು. ಅಡುಗೆಮನೆಯಲ್ಲಿ ಅವ್ವ ಚಹಾ ಇಟ್ಟ ಸಪ್ಪಳ ಕೇಳಿ ನಾನು ಕೂಗಿ ಬೇಡವೆಂದೆ. ಆತ ಮೊದಮೊದಲು ಫೋನು ನೋಡುತ್ತಿದ್ದವನು ಮೆಲ್ಲಗೆ ಮುಂದಕ್ಕೆ ಬಾಗಿದ. ಬಟ್ಟಲುಗಳು ನಡುಗುವ ಜಾಗ ಬಂದಾಗ ಅವನು ಟಿವಿ ಬಿಟ್ಟು ನನ್ನ ಕಡೆ ತಿರುಗಿದ.

"ಅತ್ತಿ," ಎಂದ, "ಇವರು ಮಾದನಹಿಪ್ಪರಗಾದವ್ರು."

"ಯಾವ ಮಾದನಹಿಪ್ಪರಗಾ?"

ಮೂರಂತಸ್ತಿನ ಕಟ್ಟಡ ಬಿರಿಯುವಲ್ಲಿಗೆ ಬಂದಿತ್ತು. ನಾನು ಅಲ್ಲಿಗೆ ನಿಲ್ಲಿಸಿದೆ. ನಿಂತ ಚಿತ್ರದಲ್ಲಿ ಅವಳ ಕಾಲು ಗೋಡೆಯೊಳಗಿತ್ತು. ಆಕೆ ಅಂದು ಆಡಿದ್ದನ್ನು ಒಂದು ಶಬ್ದ ಬಿಡದೆ ಹೇಳಿದೆ, ಸಡಿಲ ಫರಸಿಯ ವಿಷಯವನ್ನೂ ಹೇಳಿದೆ.

"ನನಗ ನೆನಪಿಲ್ಲವ್ವ," ಎಂದಳು.

"ನನಗದ. ಈಗ ನೀವು ಏಳ್ರಿ. ಆ ಗ್ವಾಡಿ ತನಕ ನಡದ ತೋರಸ್ರಿ."

ಅವ್ವ ಅಡುಗೆಮನೆ ಬಾಗಿಲಿಗೆ ಬಂದು "ಬ್ಯಾಡ, ಬೇ" ಎಂದಳು. ನಾನು ಅವಳ ಕಡೆ ನೋಡಲಿಲ್ಲ. ಆತ ಏಳಲು ಹೊರಟ. "ನೀವು ಕೂಡ್ರಿ. ನೀವು ಆವತ್ತ ನಕ್ಕವ್ರು. ಇವತ್ತೂ ನಗ್ರಿ ಬೇಕಾದ್ರ."

ಆಕೆ ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಬಾಗಿಲಲ್ಲಿ ನಾನಿದ್ದೆ. ಕುರ್ಚಿಯ ಕೈ ಹಿಡಿದು ಎದ್ದಳು. ಮೊಣಕಾಲು ಮಡಚಲು ಬಾರದೆ ಅತ್ತಿತ್ತ ತೂಗುತ್ತ ಗೋಡೆಯವರೆಗೆ ಹೋದಳು, ಅಲ್ಲಿ ಕೈ ಊರಿ ನಿಂತಳು, ತಿರುಗಿ ಬಂದಳು. ನಾನು ಆಕೆಯ ಪಾದಗಳನ್ನೇ ನೋಡಿದೆ. ಯಾವ ಸದ್ದೂ ಆಗಲಿಲ್ಲ. ನಾನೂ ನಗಲಿಲ್ಲ. ಆದರೆ ಎದೆಯಲ್ಲಿ ತಣ್ಣಗಿನದೊಂದು ಇಳಿಯಿತು, ಅದು ಸುಖವೇ.

"ಆತು. ಸಂಬಂಧ ನಮಗ ಒಪ್ಪಿಗಿಲ್ರಿ," ಎಂದು ಎದ್ದು ದಾರಿ ಬಿಟ್ಟೆ.

ಆಕೆ ಚಪ್ಪಲಿ ಹುಡುಕುತ್ತಿದ್ದಾಗ ಆತ ಹೊಸ್ತಿಲಲ್ಲಿ ನಿಂತು ಟಿವಿಯ ಕಡೆ ಒಮ್ಮೆ ನೋಡಿದ. "ಮುಂದ ಏನಾಗ್ತದ್ರಿ? ಸಾಯ್ತದೇನು ಅದು?"

ನಾನು ಹೇಳಲಿಲ್ಲ. ಡಿವಿಡಿ ಈಗ ಎಲ್ಲೂ ಸಿಗುವುದಿಲ್ಲ, ಅವನು ಕೊನೆ ನೋಡದೆ ಇರಲಿ.

ಅವರು ಹೋದ ಮೇಲೆ ಅವ್ವ ಚಹಾಕ್ಕೆ ಇಟ್ಟಿದ್ದ ನೀರು ಚೆಲ್ಲಿ ಪಾತ್ರೆ ತೊಳೆದಿಟ್ಟಳು. ಆಮೇಲೆ ಬಂದು ಪಕ್ಕದಲ್ಲಿ ಕೂತು "ಹಚ್ಚು" ಎಂದಳು. ಉಳಿದದ್ದನ್ನು ಇಬ್ಬರೂ ನೋಡಿದೆವು. ಫಿರಂಗಿ, ವಿಮಾನ, ಕರೆಂಟಿನ ತಂತಿ ಯಾವುದರಿಂದಲೂ ಅವಳು ಸಾಯುವುದಿಲ್ಲ. ಕೊನೆಗೆ ತಾನೇ ಪಟ್ಟಣಕ್ಕೆ ಬೆನ್ನು ಮಾಡಿ, ಬಂದಷ್ಟೇ ನಿಧಾನವಾಗಿ ನೀರಿಗೆ ಇಳಿಯುತ್ತಾಳೆ. "ಪಾಪ, ಮಲಗಿದ್ದಾಕಿನ್ನ ಎಬ್ಬಿಸಬಾರದಿತ್ತು," ಎಂದಳು ಅವ್ವ. ಫರಸಿಯ ಬಗ್ಗೆ ಆಗಲೂ ಏನೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಮುದುಕಿಗೆ ಅಷ್ಟು ಮಾಡಬಾರದಿತ್ತು ಎಂದು ತಮ್ಮ ಈಗಲೂ ಅನ್ನುತ್ತಾನೆ. ಆಳಂದದ ಕಂಡಕ್ಟರ್‌ಗೆ ತಲೆ ಕೆಟ್ಟಿದೆ ಎಂದು ಜೇವರ್ಗಿಯಲ್ಲಿ ಆಕೆ ಹೇಳಿಕೊಂಡು ತಿರುಗಿದ್ದೂ ನನಗೆ ತಿಳಿಯಿತು. ತಿರುಗಲಿ. ಇನ್ನು ಮೇಲೆ ಆಕೆ ನನ್ನನ್ನು ಮರೆಯುವುದಿಲ್ಲ.

ಮೊನ್ನೆ ಜೇವರ್ಗಿ ನಿಲ್ದಾಣದಲ್ಲಿ ಆಕೆ ಕೈಚೀಲ ಹಿಡಿದು ನನ್ನ ಬಸ್ಸಿನ ಕಡೆಗೆ ಬಂದಳು. ಬಾಗಿಲಲ್ಲಿ ನಾನು ಕಂಡ ಕೂಡಲೇ ಹಿಂದೆ ಸರಿದು ಕಂಬದ ಪಕ್ಕ ನಿಂತಳು. ಮುಂದಿನ ಬಸ್ಸು ಅಫಜಲಪುರದಲ್ಲಿ ಕೆಟ್ಟು ನಿಂತಿದೆ ಎಂದು ಡ್ರೈವರ್‌ ಆಗಷ್ಟೇ ಹೇಳಿದ್ದ. ನಾನು ಆಕೆಗೆ ಅದನ್ನು ಹೇಳದೆ ಸೀಟಿ ಊದಿದೆ.