ಹಸಿ ಗೋಡೆಯ ಕಾವಲುಗಾರ

ಬೆಳಗಿನ ಆರೂವರೆ. ಹಿರಿಯೂರು ಬಳಿಯ ಆದಿವಾಲದ ಅಂಚಿನಲ್ಲಿ ಎದ್ದಿರುವ ಹೊಸ ಮನೆಯೊಳಗೆ ಓಬಳೇಶಪ್ಪ ಗೋಡೆಗೆ ಅಂಗೈ ಒತ್ತಿ ನಿಂತಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ತಾರಸಿ ಹಾಕಿ ಎರಡು ತಿಂಗಳಾಗಿದೆ. ಕಂಬಗಳ ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ ಮುಗಿಸಿ ಐದೇ ದಿನ. ಒಣಗಾಳಿ ಮಾತ್ರ ನಿನ್ನೆಯಿಂದ ನಿಂತೇ ಇಲ್ಲ.

"ಮೇಲೆ ಒಣಗಿದಂಗೆ ಕಾಣ್ತೈತೆ, ಒಳಗೆ ಇನ್ನೂ ಹಸಿ. ಇದೇ ನಂಗೆ ದಿಗಿಲು ನೋಡ್ರಿ," ಎಂದು ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ. ಆಮೇಲೆ ಪೈಪು ಹಿಡಿದ ಕಾಳಕ್ಕನ ಕಡೆ ತಿರುಗಿ, "ಸಾಕು ಬಿಡವ್ವ, ಚಿಮುಕಿಸಿದ್ರೆ ಸಾಕು, ಸ್ನಾನ ಮಾಡಿಸ್ಬ್ಯಾಡ" ಎಂದು ಗೊಣಗುತ್ತಾರೆ. ಹನ್ನೊಂದು ವರ್ಷದಿಂದ ಜೊತೆಗೆ ದುಡಿಯುತ್ತಿರುವ ಕಾಳಕ್ಕ ಈ ಗೊಣಗಾಟವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಓಬಳೇಶಪ್ಪನವರಿಗೆ ಐವತ್ತಾರು. ಊರು ಧರ್ಮಪುರ. ಮೊದಲ ಬಸ್ಸಿಗೆ ಬಂದು ಇಳಿಯುತ್ತಾರೆ. ದಿನಕ್ಕೆ ನೂರಿಪ್ಪತ್ತು ಬ್ಲಾಕ್ ಜೋಡಿಸುತ್ತಾರೆ, ಒಂದೊಂದೂ ಇಪ್ಪತ್ತೈದು ಕೆಜಿ ತೂಗುತ್ತದೆ. ಒಂದು ಗೋಡೆಯನ್ನು ದಿನಕ್ಕೆ ಆರು ಸಾಲಿಗಿಂತ ಮೇಲೆ ಏರಿಸುವುದಿಲ್ಲ. ಏರಿಸಿದರೆ ಕೆಳಗಿನ ಗಾರೆ ಭಾರ ತಡೆಯದೆ ಜರುಗುತ್ತದೆ ಎಂಬ ಭಯ. ಅಂಥ ಭಯಗಳು ಈ ಮನುಷ್ಯನಿಗೆ ಬಹಳ.

ಅವಕ್ಕೆಲ್ಲ ಮೂಲ ಹದಿನಾಲ್ಕು ವರ್ಷದ ಹಿಂದಿನ ಒಂದು ತಪ್ಪು. ಅಲ್ಲಿಯವರೆಗೆ ಅವರು ಕಟ್ಟಿದ್ದೆಲ್ಲ ಸುಟ್ಟ ಇಟ್ಟಿಗೆಯಲ್ಲಿ. ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆಯೇ ಎತ್ತಬೇಕು. ಒಡಹುಟ್ಟಿದ ತಮ್ಮ ಮುರುಗೇಶಪ್ಪನ ಮನೆಗೆ ಮೊದಲ ಸಲ ಸಿಮೆಂಟ್ ಬ್ಲಾಕ್ ಬಂದಾಗ ಅವನ್ನೂ ಹಾಗೆಯೇ ನೆನೆಹಾಕಿದರು, ಹಸಿ ಗೋಡೆಗೇ ಸಿಮೆಂಟಿನ ಗಿಲಾವು ಬಳಿದರು. ನೀರು ಕುಡಿದು ಉಬ್ಬಿದ ಬ್ಲಾಕು ಬೇಸಿಗೆಯಲ್ಲಿ ಕುಗ್ಗಿತು. ಕಿಟಕಿ ಮೂಲೆಯಿಂದ ಸೂರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿತು.

"ನಮ್ಮ ತಮ್ಮ ಬೈದಿದ್ರೆ ಸಮಾಧಾನ ಆಗ್ತಿತ್ತು. ಬಿರುಕಿನ ಮೇಲೆ ಕ್ಯಾಲೆಂಡರ್ ತೂಗಾಕಿದ. ವರ್ಷ ವರ್ಷ ಹೊಸದು ತೂಗಾಕ್ತಾನೆ. ಆ ಮನೇಲಿ ಉಣ್ಣೋಕೆ ಕುಂತ್ರೆ ತುತ್ತು ಇಳಿಯಲ್ಲ ನಂಗೆ."

ಇಷ್ಟು ಹೇಳುವ ಹೊತ್ತಿಗೆ ಮನೆಯೊಡತಿ ತೇಜಸ್ವಿನಿ ಸ್ಕೂಟರ್ ನಿಲ್ಲಿಸಿ ಒಳಬರುತ್ತಾರೆ. ಹಿರಿಯೂರಿನಲ್ಲಿ ನರ್ಸ್. ಗೃಹಪ್ರವೇಶಕ್ಕೆ ಹನ್ನೆರಡು ದಿನ ಉಳಿದಿದೆ, ಕಾರ್ಡು ಹಂಚಿಯಾಗಿದೆ.

"ನಾಳೆಯಿಂದ ಗಿಲಾವು ಶುರು ಮಾಡ್ರಿ ಓಬಳೇಶಪ್ಪನೋರೆ."

"ಆಗಲ್ಲ ತಾಯಿ. ಇನ್ನೆರಡು ದಿನ ನೀರು, ಆಮೇಲೆ ಮೂರು ವಾರ ಒಣಗ್ಬೇಕು. ಕುಗ್ಗೋದೆಲ್ಲ ಕುಗ್ಗಿ ಬಿಡ್ಲಿ."

"ನೆಂಟರೆಲ್ಲ ಬರ್ತಾರೆ. ಬೇರೆ ಮೇಸ್ತ್ರಿ ನಾಲ್ಕು ದಿನದಾಗೆ ಬಳಿದು ಕೊಡ್ತೀನಿ ಅಂತಾನೆ."

ಓಬಳೇಶಪ್ಪ ಕೈಯಲ್ಲಿದ್ದ ಕರಣಿಯನ್ನು ಕೆಳಗಿಡುತ್ತಾರೆ. ಕೆಲಸ ಕೈತಪ್ಪುವ ಹೆದರಿಕೆ ಮುಖದಲ್ಲಿ ಎದ್ದು ಕಾಣುತ್ತದೆ. ನನ್ನ ಮನೆಯ ಗೋಡೆ ಕಟ್ಟಿದವರ ಹೆಸರೇ ನನಗೆ ಗೊತ್ತಿಲ್ಲ, ಅವರೂ ಯಾರ ಮುಂದೋ ಹೀಗೆ ನಿಂತಿದ್ದರೇನೋ.

"ಅವನ ಕೈಲೇ ಮಾಡಿಸ್ರಿ ತಾಯಿ," ಎನ್ನುತ್ತಾರೆ ಕೊನೆಗೆ. "ನಾನು ಮಾತ್ರ ಬಳಿಯಲ್ಲ. ನಮ್ಮ ತಮ್ಮನ ಮನೆ ಒಂದ್ಸಲ ನೋಡಿ ಬರ್ರಿ. ಕ್ಯಾಲೆಂಡರ್ ಎತ್ತಿ ನೋಡ್ರಿ, ಬೆರಳು ತೂರ್ತೈತೆ. ಅದನ್ನ ಕಟ್ಟಿದೋನು ನಾನೇ."

ತನ್ನ ತಪ್ಪನ್ನು ತಾನೇ ಹೀಗೆ ತೋರಿಸಿಕೊಡುವ ಮೇಸ್ತ್ರಿಯನ್ನು ತೇಜಸ್ವಿನಿ ನೋಡಿರಲಿಕ್ಕಿಲ್ಲ. ಗೋಡೆಯ ಉದ್ದಕ್ಕೂ ಒಮ್ಮೆ ನಡೆದು, ಎರಡು ಬ್ಲಾಕಿನ ಸಂದಿಯ ಮೇಲೆ ಬೆರಳಾಡಿಸುತ್ತಾರೆ.

"ಸರಿ. ಗಿಲಾವು ಇಲ್ದೇನೇ ಹಾಲು ಉಕ್ಕಿಸ್ತೀವಿ. ನೀವೂ ಮನೇರನ್ನ ಕರ್ಕೊಂಡು ಊಟಕ್ಕೆ ಬರ್ಬೇಕು."

ಸ್ಕೂಟರ್ ಹೋದ ಮೇಲೆ ಓಬಳೇಶಪ್ಪ ಬ್ಲಾಕಿನ ಮೇಲೆ ಕುಸಿದು ಕೂರುತ್ತಾರೆ. ಗೆದ್ದ ಖುಷಿಗಿಂತ ಇನ್ನೊಂದು ದಿಗಿಲು ಹತ್ತಿಕೊಂಡಿದೆ. ಅಷ್ಟು ಜನರ ಎದುರು ಗೋಡೆ ಬರಿಮೈಯಲ್ಲಿ ನಿಲ್ಲಬೇಕಲ್ಲ. ಎದ್ದು, ಗೋಡೆ ನೆಟ್ಟಗಿದೆಯೇ ನೋಡಲು ಮೂಲೆಯಲ್ಲಿ ತೂಕದ ಗುಂಡು ಇಳಿಬಿಡುತ್ತಾರೆ, ದಾರ ನಿಲ್ಲುವವರೆಗೆ ಉಸಿರು ಹಿಡಿಯುತ್ತಾರೆ.

"ಮೂವತ್ತು ವರ್ಷ ಆತು ಸಾರ್, ನಾನು ಕಟ್ಟಿದ್ದನ್ನ ಯಾರೂ ನೋಡಿಲ್ಲ. ಗಿಲಾವು ಮುಚ್ಚಿಬಿಡ್ತಿತ್ತು," ಎನ್ನುತ್ತಾರೆ. "ಆವತ್ತು ನೋಡ್ತಾರೆ. ನೋಡ್ಲಿ ಬಿಡ್ರಿ. ಮುಚ್ಚೋ ಅಂಥದ್ದು ಇದರಾಗೆ ಏನೂ ಇಲ್ಲ."