ಮದುಮಗ ಅಣ್ಣನಾದ ಮಧ್ಯಾಹ್ನ

ಸರಿರಾತ್ರಿ ದಾಟಿದರೆ ನಮ್ಮ ಓಣಿಯಲ್ಲಿ ಕೇಳುವುದು ಒಂದೇ ಸದ್ದು: ಮೇಜಿನ ಅಂಚಿಗೆ ಊಟದ ಕಡ್ಡಿ ಬಡಿಯುವ ಟಕ್, ಟಕ್. ಗೋ ಹುಯಿಲಾನ್ ತಾವು ಬರೆದ ಮಾತನ್ನು ಪಿಸುದನಿಯಲ್ಲಿ ಆಡಿಕೊಂಡು, ತಾಳ ಹಾಕಿ ನೋಡುತ್ತಿದ್ದಾರೆ. "ಒಂದು ಉಸಿರಿಗೆ ಬಾರದ ಮಾತನ್ನ ಪ್ರೀತಿಸೋರು ಆಡಲ್ಲ" ಎನ್ನುತ್ತಾರೆ.

ನಮ್ಮ ತೈನಾನ್ ಊರಿನ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಅವರ ಪ್ರೇಮ ಕಾದಂಬರಿಗಳು ಕೈಯಿಂದ ಕೈಗೆ ಸವೆದಿವೆ. ಬರೆದಾಕೆಯ ಮುಖ ಮಾತ್ರ ಯಾರೂ ನೋಡಿಲ್ಲ. ಪುಸ್ತಕದ ಮೇಲಿರುವುದು ಬೇರೆಯೇ ಹೆಸರು. ಅಂಗಡಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅವರು ಸಂಜೆ ಶಾಲೆಯಲ್ಲಿ ದೊಡ್ಡವರಿಗೆ ಕಥೆ ಬರೆಯಲು ಕಲಿಸುತ್ತಾರೆ. ಸೋಮವಾರದ ತರಗತಿಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕೆಣಕುತ್ತಾಳೆ: "ಟೀಚರ್, ನಿಮ್ಮ ಯಜಮಾನ್ರೂ ನಿಮಗೆ ಹಿಂಗೆಲ್ಲಾ ಹೇಳ್ತಾರಾ?"

"'ಗಂಜಿ ಆರೋಗುತ್ತೆ, ಬಾರೇ' ಅಂತಾರೆ. ಉಳಿದಿದ್ದು ನಾನೇ ಸೇರಿಸ್ಕೋತೀನಿ."

ಚಳಿಗಾಲ ಬಂತೆಂದರೆ ಗುಡಿಗಳ ಮುಂದೆ ಹರಕೆಯ ಆಟಗಳು. ಅವಕ್ಕೆ ಬರೆದಿಟ್ಟ ಮಾತಿಲ್ಲ. ಆಟಕ್ಕೆ ಮುಂಚೆ ಒಬ್ಬರು, ಬಣ್ಣ ಹಚ್ಚುವ ಚೌಕಿಯಲ್ಲಿ, ಕಥೆ ಹೇಳಿಕೊಡುತ್ತಾರೆ. ಮಾತು, ಹಾಡುಗಳನ್ನು ನಟಿಯರು ರಂಗದ ಮೇಲೇ ಕಟ್ಟುತ್ತಾರೆ. ಕಥೆ ಹೇಳಿಕೊಡುತ್ತಿದ್ದ ಹಳಬರು ಕಾಯಿಲೆ ಬಿದ್ದದ್ದರಿಂದ ಈ ವರ್ಷ ಆ ಕೆಲಸ ಹುಯಿಲಾನ್ ಪಾಲಿಗೆ ಬಂದಿದೆ. ತಂಡದ ಯಜಮಾನಿಗೆ ಪೂರ್ತಿ ನಂಬಿಕೆಯಿಲ್ಲ. "ನೋಡಿ ಟೀಚರಮ್ಮ, ಪುಸ್ತಕದಲ್ಲಾದ್ರೆ ತಿದ್ದಬಹುದು. ಇಲ್ಲಿ ಒಂದು ಸಲ ಎಡವಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

ಗುರುವಾರ ಹುಯಿಲಾನ್ ಬೆಳಿಗ್ಗೆ ಇನ್ನೊಂದು ತಂಡಕ್ಕೆ ಕಥೆ ಹೇಳಿ, ಮಧ್ಯಾಹ್ನದ ಆಟಕ್ಕೆ ಈ ತಂಡದ ಚೌಕಿಗೆ ಸ್ಕೂಟರಿನಲ್ಲಿ ಓಡಿಬಂದಿದ್ದಾರೆ. ಬಣ್ಣ ಹಚ್ಚಿಕೊಳ್ಳುತ್ತಿರುವ ಅಕಿಯಾವ್ ಬಳಿ ಮೊದಲು ಕೂರುತ್ತಾರೆ. ಎಪ್ಪತ್ತು ದಾಟಿದ ಈ ಹೆಂಗಸು ಐವತ್ತು ವರ್ಷದಿಂದ ಗಂಡುವೇಷದ ನಾಯಕ. ನಾಯಕಿಯ ವೇಷದ ಸಿಯೊಹುನ್ ಬರುವುದು ತಡವಾಗುತ್ತದೆ. ಆಕೆಗೆ ಬೇರೆಯಾಗಿ, ಅವಸರದಲ್ಲಿ ಹೇಳುತ್ತಾರೆ.

ಆಟದ ಕೊನೆ. ಏಳು ವರ್ಷದ ಮೇಲೆ ನಾಯಕ ನಡುರಾತ್ರಿ ಛತ್ರದ ಬಾಗಿಲಿಗೆ ಬಂದಿದ್ದಾನೆ. ಅಕಿಯಾವ್ ಮಂಡಿಯೂರಿ, ಮದುವೆಗೆಂದು ತಂದ ಬಳೆ ಚಾಚುತ್ತಾರೆ. ಸಿಯೊಹುನ್ ಅಳುತ್ತಾ ಓಡಿಬಂದು ಕೂಗುತ್ತಾಳೆ: "ಅಣ್ಣಾ!"

ಅವರ ಬಗ್ಗೆ ಬರೆಯಲು ಬಂದ ನನ್ನ ಪಕ್ಕದಲ್ಲಿ, ಪರದೆಯ ಹಿಂದೆ ನಿಂತ ಹುಯಿಲಾನ್ ಬಾಯಿಗೆ ಕೈ ಒತ್ತಿಕೊಳ್ಳುತ್ತಾರೆ. ಕಳೆದುಹೋದ ಅಣ್ಣ ಸಿಗುವುದು ಬೆಳಗಿನ ತಂಡದ ಕಥೆ. ಅವಸರದಲ್ಲಿ ಅದರ ಕೊನೆಯನ್ನೇ ಸಿಯೊಹುನ್ ಬಳಿ ಹೇಳಿಬಿಟ್ಟಿದ್ದಾರೆ. ತಂತಿ ವಾದ್ಯದ ಮುದುಕ ಕಮಾನನ್ನು ಎತ್ತಿದವನು ಎತ್ತಿಯೇ ಇದ್ದಾನೆ. ದೇವರ ಮುಂದೆ, ಮಂಗಳದ ಗಳಿಗೆಯಲ್ಲಿ, ಅಣ್ಣನೇ ತಂಗಿಗೆ ಬಳೆ ತೊಡಿಸಬೇಕೆ?

ಅಕಿಯಾವ್ ಬಳೆ ಹಿಂತೆಗೆಯುವುದಿಲ್ಲ. ಮೆಲ್ಲನೆ ನಗುತ್ತಾರೆ.

"ಗೊತ್ತಾಯ್ತು ಕಣೇ. ಒಂಟಿ ಹೆಣ್ಣು ಯಾರಿಗೆ ಕಾಯ್ತಿದ್ದಾಳೆ ಅಂತ ಊರು ಕೇಳಿದಾಗಲೆಲ್ಲ 'ನಮ್ಮಣ್ಣನಿಗೆ' ಅಂತಿದ್ದೆ. ಏಳು ವರ್ಷದ ರೂಢಿ, ನಾಲಿಗೆ ಬಿಡಲಿಲ್ಲ. ಈಗ ಊರು ಮಲಗಿದೆ. ಹೆಸರು ಹಿಡಿದು ಕರಿ."

ಸಿಯೊಹುನ್ ತಡೆದು, ಹೆಸರು ಹಿಡಿದು ಕರೆಯುತ್ತಾಳೆ. ಮುಂದಿನ ಸಾಲಿನ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. ಕಮಾನು ತಂತಿಗೆ ಇಳಿಯುತ್ತದೆ.

ಚೌಕಿಗೆ ಯಜಮಾನಿ ನುಗ್ಗುತ್ತಾಳೆ. "ಅಣ್ಣ ಅಂತ ಯಾರು ಹೇಳಿಕೊಟ್ಟಿದ್ದು?"

"ನಾನು" ಎನ್ನುತ್ತಾರೆ ಅಕಿಯಾವ್, ಕಿರೀಟ ಬಿಚ್ಚುತ್ತಾ. "ಯಾಕೆ, ಅಳು ಬರಲಿಲ್ವಾ ನಿಂಗೆ?"

ಹುಯಿಲಾನ್ ಅವರಿಗೆ ಬಾಯಿ ತೆರೆಯುವಷ್ಟೂ ಅವಕಾಶ ಕೊಡದೆ, ಅಕಿಯಾವ್ ಬಿಸಿ ಶುಂಠಿ ನೀರಿನ ಲೋಟ ಅವರ ಕೈಗೆ ತುರುಕುತ್ತಾರೆ. "ಕುಡಿ ತಂಗಿ. ಆರೋಗುತ್ತೆ."

ಈ ಲೇಖನಕ್ಕೆ ಹುಯಿಲಾನ್ ತಮ್ಮ ಫೋಟೋ ಬೇಡವೆಂದರು. "ಗುರುವಾರದ್ದನ್ನ ಬರೀರಿ. ತಪ್ಪು ನಂದು ಅಂತಲೇ ಬರೀರಿ."

"ಯಜಮಾನಿ ಓದಿದರೆ?" ಎಂದೆ. ನನಗೇ ಅಂಜಿಕೆ.

"ಕೆಲಸ ಹೋದ್ರೆ ಹೋಗ್ಲಿ. ನಾನು ಅಷ್ಟು ಪುಸ್ತಕ ಬರೆದಿದ್ದೀನಿ, ಅಕಿಯಾವ್ ಅಕ್ಕ ಆಡಿದಂಥಾ ಒಂದು ಮಾತು ನನಗೆ ಹೊಳೆದಿಲ್ಲ. ಅದು ಯಾರದು ಅಂತ ಜನಕ್ಕೆ ಗೊತ್ತಾಗ್ಲಿ."

ತಪ್ಪು ಯಾರದೆಂದು ಒಮ್ಮೆ ವಿಚಾರಿಸಿಬಿಡೋಣವೆಂದು ಅಕಿಯಾವ್ ಅವರ ಬಳಿ ಹೋದೆ. ಅವರು ಹುಬ್ಬಿನ ಕಪ್ಪು ಒರೆಸುತ್ತಿದ್ದವರು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು.

"ಎಂಥಾ ತಪ್ಪು, ತಾಯಿ? ಹುಯಿಲಾನ್ ಕಥೆ ಹೇಳಿಕೊಟ್ಟಿದ್ದೇ ಹಾಗೆ, ನಾನಾಡಿದ ಮಾತೂ ಸೇರಿ. ಇನ್ನು ನೂರು ಜನ ಬಂದು ಕೇಳಿದ್ರೂ ನಾನು ಹೇಳೋದು ಇಷ್ಟೇ."