ಮೊಳೆಬಾಯಿಗೆ ಸಿಕ್ಕ ಆಶೀರ್ವಾದ

ಸೋಫಾ, ಕುರ್ಚಿ, ಕಾರಿನ ಸೀಟು, ಹೀಗೆ ಮನುಷ್ಯ ಎಲ್ಲೆಲ್ಲಿ ಕೂರುತ್ತಾನೋ ಅದನ್ನೆಲ್ಲ ದುರಸ್ತಿ ಮಾಡುವ ಹೆಂಗಸೊಬ್ಬಳು ನಮ್ಮ ಬೀದಿಯಲ್ಲಿದ್ದಾಳೆ. ಕೆಲಸ ಮಾಡುವಾಗ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ನಾಲಿಗೆಯ ತುದಿಯಿಂದ ಒಂದೊಂದನ್ನೇ ಹೊರಗೆ ತಳ್ಳಿ, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ, ಟಪ್ಪೆಂದು ಹೊಡೆಯುತ್ತಾಳೆ. ಅದಕ್ಕೇ ಅವಳಿಗೆ ಮೊಳೆಬಾಯಿ ಎಂಬ ಹೆಸರು. ಬಾಯಿ ತುಂಬ ಮೊಳೆ ಇಟ್ಟುಕೊಂಡವರು ಹೆಚ್ಚು ಮಾತಾಡುವಂತಿಲ್ಲ. ಈ ಗುಣವನ್ನು ನಮ್ಮ ಆಂಗ್ಲಿಕನ್ ಚರ್ಚು ಬಹಳ ಮೆಚ್ಚಿಕೊಂಡಿತ್ತು.

ಚರ್ಚಿನಲ್ಲಿ ಮಂಡಿಯೂರುವ ದಿಂಬುಗಳನ್ನೆಲ್ಲ ಹೊಲಿದವಳು ಅವಳೇ. ಹಳೆಯ ನಾರು ಕಿತ್ತು ಹೊಸದು ತುಂಬಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ್ದಳು. ಭಾನುವಾರ ಪಾಪ ಒಪ್ಪಿಕೊಳ್ಳಲು ಮಂಡಿಯೂರುವವರೆಲ್ಲ ಮೊಳೆಬಾಯಿಯ ಹೊಲಿಗೆಯ ಮೇಲೆಯೇ ಊರುತ್ತಿದ್ದರು. ಎಲ್ಲರಿಗಿಂತ ದೊಡ್ಡ ಪಾಪ ಮೊಳೆಬಾಯಿಯದೇ ಎಂದು ನಂಬಿದವರ ಮಂಡಿಗಳಿಗೂ ಅದೇ ಮೆತ್ತನೆಯ ಆತಿಥ್ಯ.

ಆ ಪಾಪ ಯಾವುದೆಂದರೆ ಸಿಟಿ ಬಸ್ ಓಡಿಸುವ ಡ್ರೈವರಮ್ಮ. ಹರೆಯದಿಂದ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಸಂಸಾರದಲ್ಲಿ ಬಾಳಿದವರು. ಡ್ರೈವರಮ್ಮ ದೀಪದ ಕಂಬದಷ್ಟು ಉದ್ದ, ಮೊಳೆಬಾಯಿ ಕುಳ್ಳಿ. ಇಬ್ಬರ ಮೂಗು, ಬಣ್ಣ, ಮಾತಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಚರ್ಚಿನ ಸಭೆಯವರು ಅವರನ್ನು ಅಕ್ಕತಂಗಿಯರು ಎಂದೇ ಕರೆಯುತ್ತಿದ್ದರು. ಇಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತ ಇಬ್ಬರನ್ನು ಏನಾದರೊಂದು ಕರೆಯಬೇಕಲ್ಲ!

ಮೊಳೆಬಾಯಿಗೆ ಬೇಕಾಗಿದ್ದುದು ಬಹಳ ಸಣ್ಣದು. ತಾನು ದಿಂಬು ಹೊಲಿದ ಆ ಚರ್ಚಿನಲ್ಲಿ, ತನ್ನವಳ ಪಕ್ಕದಲ್ಲಿ ನಿಂತು, ಪಾದ್ರಿಯ ಬಾಯಿಂದ ಒಂದು ಆಶೀರ್ವಾದ. ಈ ಸಣ್ಣದಕ್ಕಾಗಿ ನಡೆದ ಮಹಾಯುದ್ಧವನ್ನು ವರ್ಣಿಸಲು ಸಾವಿರ ನಾಲಿಗೆ ಸಾಲದು. ಸಲಿಂಗ ಪ್ರೇಮಿಗಳ ಅಹವಾಲು ಕೇಳಲು ಬಿಷಪ್ಪರು ಮೊದಲು ಒಂದು ಸಮಿತಿ ಮಾಡಿದರು. ಆ ಸಮಿತಿ ಕೇಳಿಸಿಕೊಂಡಿತು. ಅದು ಸರಿಯಾಗಿ ಕೇಳಿಸಿಕೊಂಡಿದೆಯೇ ಎಂದು ನೋಡಲು ಇನ್ನೊಂದು ಸಮಿತಿ ಬಂತು. ಮೂರನೆಯದು, ಕೇಳಿಸಿಕೊಂಡದ್ದನ್ನು ಮರೆಯಲು ಎಷ್ಟು ಕಾಲ ಬೇಕು ಎಂದು ಲೆಕ್ಕ ಹಾಕುತ್ತಿರುವಾಗಲೇ ಅದರ ಅಧ್ಯಕ್ಷರು ನಿವೃತ್ತರಾದರು. ಪ್ರತಿ ಸಮಿತಿಯ ಮುಂದೆಯೂ ಮೊಳೆಬಾಯಿ ಒಗೆದ ಅಂಗಿ ತೊಟ್ಟು ಕೂತಳು, ಬಾಯಿಂದ ಮೊಳೆ ತೆಗೆದಿಟ್ಟು ತನ್ನ ಬದುಕನ್ನು ಮೊದಲಿನಿಂದ ಹೇಳಿದಳು. ಪ್ರತಿ ಸಲವೂ ಅವರು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಚಹಾ ಕೊಟ್ಟು ಕಳಿಸಿದರು.

"ನಿನ್ನ ಕಥೆ ನಿನಗಿಂತ ಚೆನ್ನಾಗಿ ನಾನೇ ಹೇಳ್ತೀನಿ ಈಗ," ಎಂದಳು ಡ್ರೈವರಮ್ಮ ಒಂದು ಸಂಜೆ, ಊಟದ ತಟ್ಟೆ ತೊಳೆಯುತ್ತಾ. "ಸಾಕು ಕಣೇ. ಇದೇ ಕೊನೆ. ಈ ಸಲವೂ ಆಗಲಿಲ್ಲ ಅಂದ್ರೆ ನಾನು ಭಾನುವಾರ ಹೊದ್ದು ಮಲಗ್ತೀನಿ. ದೇವರಿಗೆ ನಮ್ಮ ಮನೆ ದಾರಿ ಗೊತ್ತು."

"ನಾನೊಬ್ಬಳೇ ಕೂತ್ಕೋಬೇಕಾ?"

"ನೀನೂ ಮಲಗು. ಯಾರು ಬೇಡ ಅಂದ್ರು?"

ಮೊಳೆಬಾಯಿ ತೊಳೆದ ತಟ್ಟೆ ಒರೆಸಿಟ್ಟಳು. ಅವಳಿಗೆ ಆ ಬೆಂಚು ಬೇಕು, ಪಕ್ಕದಲ್ಲಿ ಇವಳೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಎಂದರೆ ಎಡಗಾಲೋ ಬಲಗಾಲೋ ಎಂದು ಕೇಳಿದ ಹಾಗೆ.

ಅಷ್ಟರಲ್ಲಿ ಬಿಷಪ್ಪರ ಕಡೆಯಿಂದ ಅಪ್ಪಣೆ ಬಂತು. ಅಂಥ ಜೋಡಿಗಳಿಗಾಗಿ ಪ್ರಾರ್ಥಿಸಬಹುದು. ಆದರೆ ಪ್ರತ್ಯೇಕ ಆರಾಧನೆ ಕೂಡದು, ಉಂಗುರ ಕೂಡದು, ಹೂವು ಕೂಡದು, ಮದುವೆಯ ಮಾತನ್ನು ಎತ್ತಲೇ ಕೂಡದು. ಭಾನುವಾರದ ಮಾಮೂಲಿ ಆರಾಧನೆಯ ನಡುವೆ ಎಲ್ಲಾದರೂ ಜಾಗ ಮಾಡಿಕೊಂಡು ಹೇಳಿ ಮುಗಿಸಬೇಕು.

ಈ ಶುಭವಾರ್ತೆಯನ್ನು ಹೊತ್ತು ಪಾದ್ರಿ ಅವಳ ಕೆಲಸದ ಕೋಣೆಗೆ ಬಂದರು. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು, ಧೈರ್ಯ ಮಾತ್ರ ದೇವರು ಹಂಚುವಾಗ ಇವರು ರಜೆಯಲ್ಲಿದ್ದರು. ಸ್ಪ್ರಿಂಗ್ ಕಿತ್ತಿದ್ದ ಸೋಫಾದ ಮೇಲೆ ನೋಡದೆ ಕೂತರು. ಸೊಂಟದವರೆಗೆ ಒಳಗೆ ಹೋದರು.

"ಬರುವ ಭಾನುವಾರವೇ ಮಾಡ್ತೀನಿ," ಎಂದು ಆ ಹಳ್ಳದೊಳಗಿಂದಲೇ ಘೋಷಿಸಿದರು.

ಮೊಳೆಬಾಯಿ ಮೊಳೆಗಳನ್ನು ಅಂಗೈಗೆ ಉಗುಳಿದಳು. "ನಿಜವಾಗ್ಲೂನಾ ಅಯ್ಯನೋರೇ?"

"ನಿಜವಾಗ್ಲೂ. ಸ್ವಲ್ಪ ಕೈ ಕೊಡ್ತೀರಾ?"

ಭಾನುವಾರ ಡ್ರೈವರಮ್ಮ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು, ಬೂಟಿಗೆ ಪಾಲಿಶ್ ಹಾಕಿದಳು. ಹೊರಡುವಾಗ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಮೊಳೆಬಾಯಿ ಅದನ್ನು ನೋಡಿಯೂ ನೋಡದ ಹಾಗಿದ್ದಳು.

ಚರ್ಚಿನಲ್ಲಿ ಪಾದ್ರಿಗಳು ಉಪದೇಶದ ಪ್ರಸಂಗ ಮುಗಿಸಿ ಕಣ್ಣೆತ್ತಿದರೆ ಮುಂದಿನ ಬೆಂಚಿನಲ್ಲಿ ಸಭೆಯ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು ಕೈಕಟ್ಟಿ ಕೂತಿದ್ದರು. ಆ ನೋಟಕ್ಕೆ ಸಿಕ್ಕವರು ಹೋಂವರ್ಕ್ ಮಾಡಿದ್ದರೂ ಮಾಡಿಲ್ಲವೆಂದು ಒಪ್ಪಿಕೊಳ್ಳುತ್ತಿದ್ದರು. ಇಬ್ಬರನ್ನೂ ಮುಂದೆ ಕರೆದು ನಿಲ್ಲಿಸಬೇಕಿದ್ದ ಪಾದ್ರಿಗಳು ಗಂಟಲು ಸರಿಮಾಡಿಕೊಂಡು, ಪುಟ ಹಾರಿಸಿ, ಸೀದಾ ಎಲ್ಲರಿಗಾಗಿ ಬೇಡುವ ಪ್ರಾರ್ಥನೆಗೆ ಬಂದುಬಿಟ್ಟರು. ನಮ್ಮ ಚರ್ಚಿನಲ್ಲಿ ಆ ಪ್ರಾರ್ಥನೆಯಲ್ಲಿ ಹೆಸರು ಬರುವುದು ಕಾಯಿಲೆಯವರದು ಮಾತ್ರ. ಅಲ್ಲಿಂದ ಬಡ್ತಿ ಸಿಕ್ಕಿದರೆ ಮುಂದಿನದು ತೀರಿಹೋದವರ ಸಾಲು.

ಸೊಂಟ ಮುರಿದ ಬೇಕರಿಯವನ ಹೆಸರಾಯಿತು. ಆಮೇಲೆ ಮೊಳೆಬಾಯಿ, ಡ್ರೈವರಮ್ಮ ಇಬ್ಬರ ಹೆಸರೂ ಬಂತು. "ಇವರಿಬ್ಬರು ಇಷ್ಟು ವರ್ಷ ಜೊತೆಯಾಗಿ ಹೊತ್ತದ್ದನ್ನೂ ಇವರ ಮುಂದಿನ ದಾರಿಯನ್ನೂ ನಿನ್ನ ಕೈಗೆ ಒಪ್ಪಿಸುತ್ತೇವೆ," ಎಂದು ಒಂದೇ ಉಸಿರಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ ಕಾಮಾಲೆ ಹಿಡಿದ ಅಂಚೆಯವನ ಹೆಸರಿಗೆ ದಾಟಿದರು. "ಕರ್ತನೇ, ನಮ್ಮ ಪ್ರಾರ್ಥನೆಯನ್ನು ಕೇಳು," ಎಂದಿತು ಸಭೆ, ನಡುಗುವ ದನಿಯಲ್ಲಿ. ಎಲ್ಲರೂ ಹಿಂದಕ್ಕೆ ತಿರುಗಿ ಇಬ್ಬರನ್ನೂ ಕನಿಕರದಿಂದ ನೋಡಿದರು.

ಸೋಮವಾರದಿಂದ ಸೂಪು ಬರತೊಡಗಿತು.

ತರಕಾರಿ ಸೂಪು, ಕೋಳಿ ಸೂಪು, ಯಾವುದರದೆಂದು ತಂದವರೂ ಖಚಿತವಾಗಿ ಹೇಳಲಾಗದ ಸೂಪು. ಒಲೆ ತುಂಬಿ, ಮೇಜು ತುಂಬಿ, ಕೊನೆಗೆ ಹೊಲಿಗೆ ಯಂತ್ರದ ಮೇಲೂ ಪಾತ್ರೆ ಕೂತಿತು. ಆರ್ಗನ್ ನುಡಿಸುವವನ ಹೆಂಡತಿ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದು ನಿಂತಳು.

"ಇಬ್ಬರಿಗೂ ಒಂದೇ ಸಲ ಅಂದ್ರೆ... ಅಂಟೋದಾ?"

"ಬಹಳ ಹಿಂದೇನೇ ಅಂಟ್ಕೊಂಡಿದ್ದು," ಎಂದಳು ಡ್ರೈವರಮ್ಮ. "ಔಷಧಿ ಇಲ್ಲವಂತೆ."

ಅವಳು ಅತ್ತ ಹೋದ ಮೇಲೆ ಡ್ರೈವರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕುರ್ಚಿ ಎಳೆದು ಕೂತಳು. ನಗು ನಿಂತಿತು. "ಅಲ್ವೇ, ನಮ್ಮ ಪ್ರೀತಿ ಬೇಗ ವಾಸಿಯಾಗಲಿ ಅಂತ ಇಡೀ ಸಭೆ ಬೇಡ್ಕೊಂಡಿತಲ್ಲೇ," ಎಂದಳು. "ಅದೂ ನಾನು ಅಂಗಿಗೆ ಇಸ್ತ್ರಿ ಹಾಕ್ಕೊಂಡು ಹೋದ ದಿನ."

ಮುಂದಿನ ಸಲ ಕರೆಗಂಟೆ ಸದ್ದಾದಾಗ ಮೊಳೆಬಾಯಿಯೇ ಎದ್ದು ಹೋದಳು. ಇನ್ನು ಬಂದವರಿಗೆಲ್ಲ ನಿಜ ಹೇಳಿಬಿಡುವುದು ಎಂದು ನಿರ್ಧರಿಸಿದ್ದಳು. ಮೂರು ಸಮಿತಿಗಳಿಗೆ ಹೇಳಿದ್ದನ್ನು ಈಗ ಹೊಸ್ತಿಲಲ್ಲಿ ನಿಂತು, ಒಂದೊಂದು ಪಾತ್ರೆಗೂ ಬೇರೆ ಬೇರೆಯಾಗಿ ಹೇಳಬೇಕಾಗಿತ್ತು.

ಬಂದಿದ್ದವರು ಹೆಡ್‌ಮಾಸ್ಟರು. ಕೈಯಲ್ಲಿ ಮುಚ್ಚಳದ ಪಾತ್ರೆ.

"ನಮಗೆ ಕಾಯಿಲೆ ಇಲ್ಲ ಸರ್. ಅವತ್ತು ಅಯ್ಯನೋರು ಹೇಳಿದ್ದು ಆಶೀರ್ವಾದ. ನಾವಿಬ್ಬರು ಸಂಸಾರ ಮಾಡ್ಕೊಂಡಿರೋರು."

ಹೆಡ್‌ಮಾಸ್ಟರು ಅವಳನ್ನು ನೋಡಿದರು, ಪಾತ್ರೆಯನ್ನು ನೋಡಿದರು, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ, ಪಾತ್ರೆಸಮೇತ ಮೆಟ್ಟಿಲಿಳಿದು ಹೋದರು.

ಅವರ ಹಿಂದೆಯೇ ಗಾಯಕವೃಂದದ ಅಜ್ಜಿ ಏದುಸಿರು ಬಿಡುತ್ತ ಹತ್ತಿ ಬಂದರು. ಪ್ರತಿ ಕೀರ್ತನೆಯನ್ನೂ ಎಲ್ಲರಿಗಿಂತ ಮುಂಚೆ ಮುಗಿಸಿ ಉಳಿದವರಿಗಾಗಿ ಕಾಯುವುದು ಅವರ ಪದ್ಧತಿ. ಮೊಳೆಬಾಯಿ ಸುಸ್ತಾದ ದನಿಯಲ್ಲಿ ಮತ್ತೆ ಅದನ್ನೇ ಒಪ್ಪಿಸಿದಳು.

"ಅಯ್ಯೋ ಹುಡುಗಿ, ಅದು ನನಗೆ ನಿಮ್ಮಮ್ಮ ಇದ್ದಾಗಿಂದ ಗೊತ್ತು," ಎಂದರು ಅಜ್ಜಿ. "ಕಾಯಿಲೆ ಏನು, ಅದು ಹೇಳು."

"ಕಾಯಿಲೆ ಇಲ್ಲ ಅಜ್ಜಿ."

"ಇಲ್ವಾ? ಮತ್ತೆ ಆ ಹುಡುಗ ಯಾಕೆ ನಿಮ್ಮನ್ನ ಕಾಮಾಲೆ ಪಕ್ಕ ಕೂರಿಸಿದ?"

ಆ ಹುಡುಗ, ಅಂದರೆ ಪಾದ್ರಿ, ಶನಿವಾರ ಬಂದರು. ಈ ಸಲ ಕೂರಲಿಲ್ಲ. ಇನ್ನೊಮ್ಮೆ ಸರಿಯಾಗಿ ಮಾಡೋಣವೆಂದು ಮೇಲೆ ಬಿಷಪ್ಪರನ್ನು ಕೇಳಿದ್ದರಂತೆ. ಒಮ್ಮೆ ಆದ ಪ್ರಾರ್ಥನೆಯನ್ನು ಮತ್ತೆ ಮಾಡಬಹುದೇ ಎಂಬುದು ಹೊಸ ಪ್ರಶ್ನೆಯಾದ್ದರಿಂದ ಅದಕ್ಕೊಂದು ಸಮಿತಿ ಆಗುವುದಂತೆ.

"ನಾನು ಹೆದರಿಬಿಟ್ಟೆ," ಎಂದರು ನೆಲ ನೋಡುತ್ತ. "ಕ್ಷಮಿಸಿ."

"ಹೋಗಲಿ ಬಿಡಿ. ಸೂಪು ಕುಡೀತೀರಾ?" ಎಂದಳು ಮೊಳೆಬಾಯಿ.

ಮರುದಿನ ಡ್ರೈವರಮ್ಮ ಹೇಳಿದಂತೆಯೇ ಹೊದ್ದು ಮಲಗಿದಳು. ಮೊಳೆಬಾಯಿ ಒಬ್ಬಳೇ ಹೋಗಿ ಬೆಂಚಿನ ಅದೇ ಕೊನೆಯಲ್ಲಿ ಕೂತಳು. ಪಕ್ಕದಲ್ಲಿ ಉದ್ದನೆಯ ಜಾಗ ಖಾಲಿ ಉಳಿಯಿತು. ಕಾಯಿಲೆಯವರ ಪ್ರಾರ್ಥನೆ ಶುರುವಾಗಿ, ಪಾದ್ರಿಗಳು ಬೇಕರಿಯವನ ಸೊಂಟ ಮುಟ್ಟುವಷ್ಟರಲ್ಲಿ ಗಾಯಕವೃಂದದಿಂದ ಅಜ್ಜಿಯ ದನಿ ಎದ್ದಿತು.

"ಆ ಇಬ್ಬರು ಹುಡುಗೀರನ್ನ ಕಾಯಿಲೆಯಿಂದ ತೆಗೀರಿ. ಗಟ್ಟಿಮುಟ್ಟಾಗಿದಾರೆ. ಇಷ್ಟು ವರ್ಷ ಒಬ್ಬರನ್ನೊಬ್ಬರು ನೋಡ್ಕೊಂಡು ಬಾಳಿದ್ದಕ್ಕೆ ದೇವರಿಗೆ ಸ್ತೋತ್ರ ಮಾಡಿ. ಹ್ಞೂಂ, ಮಾಡಿ."

ಹೆಡ್‌ಮಾಸ್ಟರ ಕಡೆ ನೋಡದಿರಲು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಪಾದ್ರಿಗಳು ಸ್ತೋತ್ರ ಮಾಡಿದರು. ಮೂರೇ ವಾಕ್ಯ, ಆದರೆ ಈ ಸಲ ಉಸಿರಾಡಲು ನಡುವೆ ನಿಲ್ಲಿಸಿದರು.

ಮೊಳೆಬಾಯಿ ಮನೆಗೆ ಬಂದು ಚಪ್ಪಲಿ ಬಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲ ಹೇಳಿದಳು.

"ಎಷ್ಟು ಜನ ಆಮೆನ್ ಅಂದ್ರು?" ಎಂದು ಹೊದಿಕೆಯೊಳಗಿಂದ ಪ್ರಶ್ನೆ ಬಂತು.

"ಅರ್ಧ ಜನ."

"ಉಳಿದೋರು?"

"ಕೆಮ್ಮಿದ್ರು."

"ಅಜ್ಜಿ ಹೇಳಿದ್ದು ಚೆನ್ನಾಗಿದೆ," ಎಂದಿತು ಹೊದಿಕೆ. "ಆದ್ರೂ ನಾನು ಬರಲ್ಲ ಕಣೇ. ನನಗೆ ಆಗ್ತಿಲ್ಲ."

"ಸರಿ."

"ನೀನು ಹೋಗ್ತೀಯಾ?"

"ಹೋಗ್ತೀನಿ. ನನಗೆ ಹೋಗದೇ ಇರೋಕೆ ಆಗ್ತಿಲ್ಲ."

ಅಂದಿನಿಂದ ಅದೇ ಏರ್ಪಾಡು. ಡ್ರೈವರಮ್ಮ ತಮ್ಮ ಹಳೆಯ ಕಾರಿನಲ್ಲಿ ಮೊಳೆಬಾಯಿಯನ್ನು ಚರ್ಚಿನ ಗೇಟಿನ ತನಕ ತಂದು ಬಿಡುತ್ತಾಳೆ, ತಾನು ಅಲ್ಲೇ ಕಾರಿನಲ್ಲಿ ಕೂತು ಪೇಪರ್ ಓದುತ್ತಾಳೆ. ಒಳಗೆ ಸಭೆಯವರು ಒಬ್ಬರಿಗೊಬ್ಬರು ಕೈಕೊಟ್ಟು ಸಮಾಧಾನ ಹಾರೈಸುವ ಘಳಿಗೆ ಬಂದಾಗ, ಅಜ್ಜಿ ಮಾತ್ರ ಗಾಯಕರ ಮೆಟ್ಟಿಲಿಳಿದು, ಮಂಡಿಗಳನ್ನು ಶಪಿಸುತ್ತ, ಇಡೀ ಅಂಗಳ ದಾಟಿ ಬಂದು ಕಾರಿನ ಗಾಜು ತಟ್ಟುತ್ತಾರೆ. ಗಾಜು ಒಂದು ಕೈ ತೂರುವಷ್ಟು ಇಳಿಯುತ್ತದೆ.

"ಕರ್ತನ ಸಮಾಧಾನ ನಿನ್ನ ಸಂಗಡ ಇರಲಿ."

"ನಿಮಗೂ ಅಜ್ಜಿ," ಎನ್ನುತ್ತಾಳೆ ಡ್ರೈವರಮ್ಮ, ಆ ಕೈ ಹಿಡಿದುಕೊಂಡು. "ಒಳಗೆ ಸ್ವಲ್ಪ ಬೇಗ ಮುಗಿಸೋಕೆ ಹೇಳಿ. ಇಲ್ಲಿ ಜಾಸ್ತಿ ಹೊತ್ತು ಗಾಡಿ ನಿಲ್ಲಿಸೋ ಹಾಗಿಲ್ಲ."